ಓದುಗರ ಪ್ರಶ್ನೆ: ಬೀಗರ ವಂಶವೃಕ್ಷ ಬರೆಯುವ ಬಗೆ

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿ ಯಹೂದಿ ಮನೆತನದ ಹುಡುಗನನ್ನು ಮದುವೆಯಾಗಿದ್ದಾಳೆ. ಅಳಿಯನ ಮುತ್ತಜ್ಜ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಗಲೀಷಿಯಾದಿಂದ (ಈಗಿನ ದಕ್ಷಿಣ ಪೋಲೆಂಡ್ ಮತ್ತು ಪಶ್ಚಿಮ ಉಕ್ರೇನ್) ಹಡಗು ಹತ್ತಿ ಬಂದವರಂತೆ. ತಮ್ಮದು ಚಿಕ್ಕ ಕುಟುಂಬವೆಂದೇ ತಿಳಿದಿದ್ದ ಬೀಗರಿಗೆ ಡಿಎನ್ಎ ಪರೀಕ್ಷೆ ಈಗ ಸಾವಿರಾರು ನೆಂಟರ ಪಟ್ಟಿ ಕೊಟ್ಟಿದೆ; ಆದರೆ ಯಾರ ಅಡ್ಡಹೆಸರೂ ಇವರದರೊಂದಿಗೆ ಹೊಂದುವುದಿಲ್ಲ. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಇದನ್ನು ಎಷ್ಟು ನಂಬಬಹುದು?
– ಒಬ್ಬ ಓದುಗರು, ಮೈಸೂರು

ಉತ್ತರ: ಅಡ್ಡಹೆಸರನ್ನು ಸದ್ಯಕ್ಕೆ ಬದಿಗಿಟ್ಟು ಊರು ಮತ್ತು ತಂದೆಯ ಹೆಸರನ್ನು ಹಿಡಿದು ಹೊರಡಿ. ಪೂರ್ವ ಯುರೋಪಿನ ಯಹೂದಿಗಳಲ್ಲಿ ಬಹುಪಾಲು ಜನ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಇಂಥವನ ಮಗ ಇಂಥವನೆಂದು ಹೇಳಿಕೊಳ್ಳುತ್ತಿದ್ದರೇ ಹೊರತು ಕಾಯಂ ಆದ ಅಡ್ಡಹೆಸರು ಇಟ್ಟುಕೊಂಡಿರಲಿಲ್ಲ. 1772ರಿಂದ 1918ರವರೆಗೆ ಗಲೀಷಿಯಾವನ್ನು ಆಳಿದ ಆಸ್ಟ್ರಿಯದಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ 1787ರಲ್ಲಿ ಅದನ್ನು ಕಡ್ಡಾಯಗೊಳಿಸಿದ. ಅಲ್ಲಿಗೂ ತೊಡಕು ಮುಗಿಯಲಿಲ್ಲ. ಯಹೂದಿ ಧರ್ಮಗುರು ರಬ್ಬಿಯ ಮುಂದೆ ನಡೆದು ಸರ್ಕಾರದ ದಫ್ತರದಲ್ಲಿ ದಾಖಲಾಗದ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲವಾದ್ದರಿಂದ, ಅಂಥ ದಂಪತಿಗಳ ಮಕ್ಕಳನ್ನು ಜನನ ದಾಖಲೆಯಲ್ಲಿ ಅಕ್ರಮ ಸಂತಾನವೆಂದು ಬರೆದು ತಾಯಿಯ ಅಡ್ಡಹೆಸರನ್ನು ಕೊಡುತ್ತಿದ್ದರು. ಹೀಗಾಗಿ ಒಬ್ಬ ಅಣ್ಣ ತಂದೆಯ ಅಡ್ಡಹೆಸರಿನಲ್ಲೂ ಅವನ ತಮ್ಮ ತಾಯಿಯ ಅಡ್ಡಹೆಸರಿನಲ್ಲೂ ಅಮೆರಿಕ ಸೇರಿ, ಮೂರನೆಯ ತಲೆಮಾರಿನ ಹೊತ್ತಿಗೆ ಎರಡು ಮನೆಗಳಿಗೂ ಪರಸ್ಪರ ಪರಿಚಯವೇ ಇಲ್ಲದಂತಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ನ್ಯೂಯಾರ್ಕಿನ ವಲಸಿಗರ ತಪಾಸಣೆ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಗುಮಾಸ್ತ ಹೆಸರು ಬದಲಿಸಿದನೆಂದು ಬೀಗರು ಹೇಳಿದರೆ ನಕ್ಕು ಸುಮ್ಮನಾಗಿ. ಅಲ್ಲಿನವರು ಹಡಗಿನ ಕಂಪನಿ ತಯಾರಿಸಿ ತಂದ ಪಟ್ಟಿಯನ್ನೇ ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು. ಹೆಸರುಗಳು ಬದಲಾದದ್ದು ಹೆಚ್ಚಾಗಿ ಆಮೇಲೆ, ಅವರವರ ಇಷ್ಟದಂತೆ.

ಮುತ್ತಜ್ಜನ ಸಮಾಧಿ ಕಲ್ಲಿನ ಚಿತ್ರವನ್ನು ಮೊದಲು ತರಿಸಿಕೊಳ್ಳಿ. ಇಂಗ್ಲಿಷ್ ಬರಹದಲ್ಲಿ ಹೆಸರು ಮತ್ತು ಇಸವಿ ಮಾತ್ರ ಇರಬಹುದು, ಆದರೆ ಹೀಬ್ರೂ ಸಾಲಿನಲ್ಲಿ ಸಾಮಾನ್ಯವಾಗಿ ತಂದೆಯ ಹೆಸರೂ ಇರುವುದರಿಂದ ಸಮುದ್ರ ದಾಟದೆ ಉಳಿದ ತಲೆಮಾರೊಂದು ಅಲ್ಲೇ ಸಿಕ್ಕಂತಾಗುತ್ತದೆ. ಹರಸುವ ಎರಡು ಕೈಗಳನ್ನು ಕೆತ್ತಿದ್ದರೆ ಅವರು ಕೊಹೆನ್ ಪುರೋಹಿತ ವಂಶದವರು, ನೀರಿನ ಹೂಜಿ ಇದ್ದರೆ ದೇಗುಲ ಸೇವೆಯ ವಂಶದ ಲೇವಿಯರು. ಇವೆರಡೂ ತಂದೆಯಿಂದ ಮಗನಿಗೆ ಬರುವ ಪಟ್ಟಗಳಾದ್ದರಿಂದ, ಕೈಗಳ ಕಲ್ಲಿನವರೂ ಹೂಜಿಯ ಕಲ್ಲಿನವರೂ ಗಂಡು ಸಂತತಿಯ ಒಂದೇ ಕವಲಿನವರಾಗಿರಲಾರರು. ಅಷ್ಕೆನಾಜಿ ಯಹೂದಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದವರು, ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಆದ್ದರಿಂದ ನಾಲ್ಕಾರು ಸೋದರ ಸಂಬಂಧಿಗಳಿಗೆ ಒಂದೇ ಹೆಸರಿದ್ದರೆ, ಆ ಹೆಸರಿನ ಅಜ್ಜ ಅವರಲ್ಲಿ ಹಿರಿಯವನು ಹುಟ್ಟುವ ಮುನ್ನವೇ ತೀರಿಹೋಗಿದ್ದನೆಂದು ಬಹುಮಟ್ಟಿಗೆ ಊಹಿಸಬಹುದು.

ಡಿಎನ್ಎ ಪಟ್ಟಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಅಷ್ಕೆನಾಜಿ ಸಮುದಾಯ ಮಧ್ಯಯುಗದಲ್ಲಿ ಸುಮಾರು 350 ಜನರಷ್ಟು ಚಿಕ್ಕ ಮೂಲದಿಂದ ಬೆಳೆದಿರಬೇಕೆಂದು 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಅಂದಾಜಿಸಿತು. ಆಮೇಲೂ ಅವರ ಕೊಡು-ಕೊಳ್ಳುವಿಕೆ ಒಳಗೊಳಗೇ ನಡೆಯಿತು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯನ್ನು ಕಂಡ ನಮ್ಮ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ಅವರ ಧರ್ಮಶಾಸ್ತ್ರವೂ ಅದಕ್ಕೆ ಅಡ್ಡಿ ಹೇಳುವುದಿಲ್ಲ. ಹತ್ತು ಕಡೆಯಿಂದ ದೂರದ ನೆಂಟನಾದವನು ಪರೀಕ್ಷೆಯಲ್ಲಿ ಹತ್ತಿರದ ನೆಂಟನಂತೆ ಕಾಣಿಸುತ್ತಾನೆ. ಆದ್ದರಿಂದ ಹಂಚಿಕೊಂಡ ಡಿಎನ್ಎಯ ಒಟ್ಟು ಅಳತೆ ತೋರಿಸುವ ಸೆಂಟಿಮಾರ್ಗನ್‌ಗಳಿಗಿಂತ, ಒಂದೇ ಸಮನೆ ಹೊಂದುವ ಅತಿ ಉದ್ದನೆಯ ತುಂಡು ಎಷ್ಟಿದೆ ಎಂಬುದನ್ನು ನೋಡಿ. ಚಿಲ್ಲರೆ ತುಂಡುಗಳೇ ತುಂಬಿದ್ದರೆ ಅವರನ್ನು ಸದ್ಯಕ್ಕೆ ಬಿಟ್ಟುಬಿಡಿ.

ಪ್ರಶ್ನೆ (ಅದೇ ಪತ್ರದಿಂದ): ಊರಿನಲ್ಲೇ ಉಳಿದವರೆಲ್ಲ ನಾಜಿಗಳ ಹತ್ಯಾಕಾಂಡದಲ್ಲಿ ಸತ್ತರೆಂದು ಬೀಗರು ಹೇಳುತ್ತಾರೆ. ಆ ಕಡೆ ಹುಡುಕುವುದು ವ್ಯರ್ಥವೇ?

ಉತ್ತರ: ವ್ಯರ್ಥವಲ್ಲ, ಬದುಕಿರುವ ನೆಂಟರು ಎಷ್ಟೋ ಸಲ ಸಿಗುವುದು ಆ ದಾರಿಯಲ್ಲೇ. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಸತ್ತವರ ಹೆಸರುಗಳನ್ನು 1950ರ ದಶಕದಿಂದ ಸಂಗ್ರಹಿಸುತ್ತಿದ್ದು, 2004ರಿಂದ ಅವು ಅಂತರ್ಜಾಲದಲ್ಲಿವೆ. ಅವರಲ್ಲಿ ಅನೇಕರಿಗೆ, ಒಬ್ಬೊಬ್ಬರಿಗೆ ಒಂದರಂತೆ, ಸಾಕ್ಷ್ಯಪತ್ರವಿದೆ. ಅದರಲ್ಲಿ ತಂದೆತಾಯಿಯ ಹೆಸರು, ಹುಟ್ಟಿದ ಊರು, ಕಸುಬು, ಸತ್ತ ಬಗೆ. ಆದರೆ ನೀವು ಮೊದಲು ನೋಡಬೇಕಾದದ್ದು ಹಾಳೆಯ ಅಡಿಭಾಗವನ್ನು. ಅದನ್ನು ತುಂಬಿದವರು ತಮ್ಮ ಹೆಸರು, ಆಗಿನ ವಿಳಾಸ ಮತ್ತು ಸತ್ತವರಿಗೆ ತಾವು ಏನಾಗಬೇಕೆಂಬುದನ್ನು ಅಲ್ಲಿ ಬರೆದು ಸಹಿ ಮಾಡಿರುತ್ತಾರೆ. ಸೋದರಳಿಯ ಎಂದಿದ್ದರೆ ಆ ಮನೆಯ ಒಂದು ಕವಲು ಉಳಿದಿತ್ತೆಂದೇ ಅರ್ಥ. ಸಹಿ ಹಾಕಿದವರು ಈಗ ಇರಲಾರರು, ಅವರ ಮಕ್ಕಳು ಮೊಮ್ಮಕ್ಕಳು ಇರಬಹುದು. ಜ್ಯೂಯಿಷ್‌ಜೆನ್ ಎಂಬ ಯಹೂದಿ ವಂಶಾವಳಿ ತಾಣದಲ್ಲಿ ಊರಿನ ಹೆಸರು ಹಿಡಿದು ಹುಡುಕುವಾಗ ಒಂದೇ ಊರು ಲೆಂಬರ್ಗ್, ಲ್ವೂಫ್, ಲ್ವಿವ್ ಎಂದು ಆಳುವವರ ಭಾಷೆಗೆ ತಕ್ಕಂತೆ ಕರೆಸಿಕೊಂಡಿದೆಯೆಂಬುದು ನೆನಪಿರಲಿ.

ಹೀಗೆ ಸಿಕ್ಕ ನೆಂಟರಿಗೆ ಮೊದಲ ಪತ್ರವನ್ನು ನೀವು ಬರೆಯದೆ ಅಳಿಯನಿಂದ ಬರೆಸಿ. ಅಳಿಯನಿಗೂ ಆ ನೆಂಟರಿಗೂ ಹಿರಿಯನಾದವನ ಹೆಸರು, ಊರು, ಸಮಾಧಿ ಕಲ್ಲಿನ ಚಿತ್ರ, ಇಷ್ಟು ಸಾಕು. ಯುದ್ಧಕಾಲದ ಸಂಗತಿಗಳನ್ನು ಅವರಾಗಿಯೇ ಎತ್ತುವವರೆಗೆ ಕೇಳುವುದು ಬೇಡ. ಉತ್ತರ ಬಂದ ಮೇಲೂ, ಬದುಕಿರುವವರ ಹೆಸರು ಮತ್ತು ಹುಟ್ಟಿದ ದಿನಾಂಕಗಳನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲರಿಗೂ ಕಾಣುವ ವಂಶವೃಕ್ಷಕ್ಕೆ ಸೇರಿಸಬೇಡಿ.