ಸ್ಟ್ರೋಕ್ ಆದ ಮೇಲೆ ಬರುವ ತೊಂದರೆಗಳನ್ನು ರಕ್ತ ಪರೀಕ್ಷೆಯಿಂದ ಮೊದಲೇ ತಿಳಿಯಬಹುದೇ?

ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಆದರೆ ಜಾತಕ ನೋಡಿದ ಹಾಗೆ ಹೇಳಲು ಆಗುವುದಿಲ್ಲ.

ಲಕ್ವ ಹೊಡೆದ ಮೊದಲ ವಾರದ ದೊಡ್ಡ ಭಯಗಳಲ್ಲಿ ಒಂದು ನ್ಯುಮೋನಿಯಾ. ಮಿದುಳಿಗೆ ಪೆಟ್ಟು ಬಿದ್ದಾಗ ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಸರಿಯಾಗಿ ನುಂಗಲು ಆಗದಿದ್ದರೆ ಎಂಜಲು, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ, ಬ್ಯಾಕ್ಟೀರಿಯಾ ಸೋಂಕಿನ ಸುಳಿವು ಕೊಡುವ ಪ್ರೊಕ್ಯಾಲ್ಸಿಟೋನಿನ್ ಏರಿದ್ದರೆ, ಬಿಳಿ ರಕ್ತಕಣಗಳ ಪೈಕಿ ಲಿಂಫೋಸೈಟ್‌ಗಳಿಗೆ ಹೋಲಿಸಿದರೆ ನ್ಯೂಟ್ರೋಫಿಲ್ ತೀರಾ ಜಾಸ್ತಿ ಇದ್ದರೆ, ಸೋಂಕಿನ ಸಂಭವ ಹೆಚ್ಚು. ತೊಡಕು ಏನೆಂದರೆ, ಸೋಂಕೇ ಇಲ್ಲದೆ ಬರೀ ಸ್ಟ್ರೋಕ್‌ನಿಂದಲೂ ಸಿಆರ್‌ಪಿ ಏರುತ್ತದೆ.

ಇನ್ನೊಂದು ಪ್ರಶ್ನೆ: ಮೊದಲೇ ಗೊತ್ತಾದರೆ ಲಾಭ ಇದೆಯಾ? ಯುರೋಪಿನ ಸ್ಟ್ರಾವಿನ್ಸ್ಕಿ ಅಧ್ಯಯನದಲ್ಲಿ ಪ್ರೊಕ್ಯಾಲ್ಸಿಟೋನಿನ್ ನೋಡಿಕೊಂಡು ಆಂಟಿಬಯಾಟಿಕ್ ಕೊಟ್ಟರು. 3 ತಿಂಗಳ ನಂತರ ನೋಡಿದರೆ ರೋಗಿಗಳ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೃದಯದ ವಿಷಯದಲ್ಲೂ ಹೀಗೇ ಆಯಿತು. ಹೃದಯಕ್ಕೆ ಒತ್ತಡ ಬಿದ್ದಾಗ ರಕ್ತದಲ್ಲಿ ಏರುವ ಎನ್‌ಟಿ-ಪ್ರೊಬಿಎನ್‌ಪಿ ಹೆಚ್ಚಿದ್ದರೆ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಅಡಗಿರುವ ಸಾಧ್ಯತೆ ಜಾಸ್ತಿ. ಆದರೆ 2024ರಲ್ಲಿ ಪ್ರಕಟವಾದ ಅರ್ಕೇಡಿಯಾ ಪ್ರಯೋಗದಲ್ಲಿ ಇಂಥ ಸುಳಿವುಗಳನ್ನು ನಂಬಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎಪಿಕ್ಸಾಬಾನ್ ಮಾತ್ರೆ ಕೊಟ್ಟಾಗ, ಆಸ್ಪಿರಿನ್‌ಗಿಂತ ಅದೇನೂ ಮೇಲೆನಿಸಲಿಲ್ಲ.

ಮಿದುಳಿನೊಳಗೆ ರಕ್ತಸ್ರಾವ ಆಗಬಹುದೆಂದು ಸೂಚಿಸುವ ಎಂಎಂಪಿ-9 ಎಂಬ ಕಿಣ್ವದ ಪರೀಕ್ಷೆ ಇನ್ನೂ ಸಂಶೋಧನೆಯ ಮಟ್ಟದಲ್ಲೇ ಇದೆ.

ನನ್ನ ಪ್ರಕಾರ, ಬಾಯಿಗೆ ಏನಾದರೂ ಕೊಡುವ ಮೊದಲು ಮಾಡುವ ನುಂಗುವ ಪರೀಕ್ಷೆ ದುಬಾರಿ ರಕ್ತ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ಮೊದಲು ಅದನ್ನು ಮಾಡಿದ್ದಾರಾ ಅಂತ ಕೇಳಿ.