ಪೋಸ್ಟರಿನ ಅಂಚು ಮಡಚಿಕೊಳ್ಳುವುದು ಯಾಕೆ?

ಪೋಸ್ಟರ್ ಸುತ್ತಿ ಕಳಿಸುವ ರಟ್ಟಿನ ಕೊಳವೆ ಎಲ್ಲೂ ಜಜ್ಜಿಲ್ಲ, ಆದರೂ ಪೋಸ್ಟರಿನ ಅಂಚು ಮಡಚಿಕೊಂಡು ತಲುಪುತ್ತಿದೆ ಅಂದಿರಿ ಅಲ್ವಾ? ಬಹುಶಃ ಅದು ಒಳಗೆ ಜಾರಾಡಿ ಮುಚ್ಚಳಕ್ಕೆ ಗುದ್ದುತ್ತಿದೆ. ನಾನು ದಪ್ಪ ರಟ್ಟಿನ ಕೊಳವೆ ತಂದು ನೋಡಿದೆ, ಸುಮ್ನೆ ತೂಕ ಜಾಸ್ತಿ ಆಯಿತು ಅಷ್ಟೇ.

ಪೋಸ್ಟರಿಗಿಂತ 5 ಸೆಂ.ಮೀ. ಉದ್ದದ ಕೊಳವೆ ತಗೊಳ್ಳಿ. ಪೋಸ್ಟರನ್ನು ತೆಳು ಕಾಗದದ ಮೇಲಿಟ್ಟು ಎರಡನ್ನೂ ಸೇರಿಸಿ ಸುತ್ತಿ. ಕಾಗದ ಎರಡೂ ಕಡೆ ನಾಲ್ಕು ಬೆರಳು ಹೊರಗಿರಲಿ, ಆ ತುದಿಗಳನ್ನು ಸುರುಳಿಯೊಳಗೆ ಮೆತ್ತಗೆ ತೂರಿಸಿ. ಟೇಪ್ ಕಾಗದಕ್ಕೆ ಮಾತ್ರ, ಚಿತ್ರಕ್ಕೆ ತಾಗಲೇಬಾರದು. ಕೊಳವೆಗೆ ಇಳಿಸಿದ ಮೇಲೆ ಎರಡೂ ತುದಿಗೆ ಮುದುಡಿದ ಕಾಗದ ತುಂಬಿ ಮುಚ್ಚಳ ಹಾಕಿ.

ಈಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ‘ಟಕ್’ ಅಂದರೆ ಇನ್ನಷ್ಟು ಕಾಗದ ಬೇಕು. ಸದ್ದಿಲ್ಲದಿದ್ದರೆ ಮುಚ್ಚಳದ ಮೇಲೆ ಅಡ್ಡಡ್ಡ, ಆಮೇಲೆ ಸುತ್ತಲೂ ಟೇಪ್ ಹಚ್ಚಿ ಕಳಿಸಿ.