ಶಾರ್ಟ್‌ಕಟ್‌ಗೆ ಅಕ್ಷರ ನೋಡಬೇಕಾ, ಕೀಲಿಯ ಜಾಗ ನೋಡಬೇಕಾ?

ನಿಮ್ಮ ವೆಬ್ ಆ್ಯಪಿನ ಶಾರ್ಟ್‌ಕಟ್‌ಗಳು ನಿಮ್ಮಲ್ಲಿ ಸರಿಯಾಗಿವೆ, ಜರ್ಮನಿಯ ಬಳಕೆದಾರರಿಗೆ ಮಾತ್ರ ಕೈಕೊಡುತ್ತಿವೆ, ಕೀಲಿ ಒತ್ತಿದಾಗ ಬ್ರೌಸರ್ ಕೊಡುವ ಈವೆಂಟಿನ (ಮಾಹಿತಿಯ) ‘ಕೀ’ ನೋಡಬೇಕಾ ‘ಕೋಡ್’ ನೋಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಕು. ಯಾವಾಗ ಯಾವುದು ಅನ್ನೋದೇ ಮುಖ್ಯ.

‘ಕೀ’ ಹೇಳುವುದು ಒತ್ತಿದಾಗ ಬರುವ ಅಕ್ಷರವನ್ನು. ‘ಕೋಡ್’ ಹೇಳುವುದು ಕೀಲಿ ಇರುವ ಜಾಗವನ್ನು, ಅದೂ ಅಮೆರಿಕದ ಕೀಬೋರ್ಡಿನ ಲೆಕ್ಕದಲ್ಲಿ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲಾಗಿವೆ. ಕೋಡ್ ಒಂದನ್ನೇ ನಂಬಿದರೆ ಅವರು ಅನ್‌ಡೂಗೆ ಕಂಟ್ರೋಲ್ ಝಡ್ ಒತ್ತಿದಾಗ ಅದು ಕಂಟ್ರೋಲ್ ವೈ ಅನ್ನಿಸಿಕೊಂಡು ರೀಡೂ ಆಗುತ್ತದೆ. ಹಾಗಾಗಿ ಸೇವ್, ಪ್ರಿಂಟ್‌ನಂಥ ಅಕ್ಷರದಿಂದ ನೆನಪಿಡುವ ಶಾರ್ಟ್‌ಕಟ್‌ಗಳಿಗೆ ಕೀ ಸರಿ. ಆಟದಲ್ಲಿ ಓಡಾಡಲು ಬಳಸುವ ಡಬ್ಲ್ಯೂ, ಎ, ಎಸ್, ಡಿಗೆ ಬೆರಳಿನ ಜಾಗ ಮುಖ್ಯ, ಅಲ್ಲಿ ಕೋಡ್. ಅಂಕಿಗಳಿಗೂ ಕೋಡ್, ಯಾಕೆಂದರೆ ಫ್ರೆಂಚ್ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಅಂಕಿ ಬರಲು ಶಿಫ್ಟ್ ಬೇಕು.

ಆದರೆ ಸೇವ್‌ಗೆ ಕೀ ಒಂದೇ ಸಾಲದು. ಅದಕ್ಕೆ ಜರ್ಮನಿವರೆಗೆ ಹೋಗಬೇಕಿಲ್ಲ. ನಾನು ಕೋಲಾರದ ಟೊಮ್ಯಾಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ಹರಾಜು ಜೋರಾಗಿರುವಾಗ ಬಿಲ್ ಬರೆಯುವವರು ಮೌಸ್ ಮುಟ್ಟುವುದೇ ಇಲ್ಲ. ರೈತರ ಹೆಸರು, ಊರು ಕನ್ನಡದಲ್ಲಿ ಹೊಡೆದು, ಬಾಕ್ಸ್ ಎಷ್ಟು, ರೇಟ್ ಎಷ್ಟು ಅಂತ ಹಾಕಿ ಕಂಟ್ರೋಲ್ ಎಸ್ ಒತ್ತುತ್ತಾರೆ. ಕನ್ನಡ ಟೈಪ್ ಮಾಡುವ ಇನ್‌ಸ್ಕ್ರಿಪ್ಟ್ ಲೇಔಟ್ (ಕೀಲಿಗಳ ಜೋಡಣೆ) ಆನ್ ಇದ್ದರೆ ಎಸ್ ಕೀಲಿಯಲ್ಲಿರುವುದು ‘ೇ’. ಬ್ರೌಸರ್ ಕೀ ಅಂತ ಅದನ್ನೇ ಕೊಡುತ್ತದೆ. ಎಸ್‌ಗಾಗಿ ಕಾಯುವ ಪ್ರೋಗ್ರಾಂ ಸುಮ್ಮನಿರುತ್ತದೆ, ಬಿಲ್ ಸೇವ್ ಆಗುವ ಬದಲು ಇಡೀ ವೆಬ್ ಪುಟವನ್ನು ಎಲ್ಲಿ ಉಳಿಸಲಿ ಅಂತ ಬ್ರೌಸರ್ ಕೇಳುತ್ತದೆ. ಎದುರಿಗೆ ರೈತರು ಬಿಲ್‌ಗೆ ಕಾಯುತ್ತಿರುತ್ತಾರೆ! ನೋಟ್‌ಪ್ಯಾಡಿನಲ್ಲಿ ಈ ತೊಂದರೆ ಇಲ್ಲ. ವಿಂಡೋಸ್ ಪ್ರತಿ ಕೀಲಿಗೂ ಒಂದು ವರ್ಚುವಲ್ ಕೀ ನಂಬರ್ ಕೊಡುತ್ತದೆ. ಕನ್ನಡ ಲೇಔಟಿನಲ್ಲೂ ಅದು ಎಸ್ ಆಗಿಯೇ ಉಳಿಯುತ್ತದೆ. ರಷ್ಯನ್, ಗ್ರೀಕ್ ಬರೆಯುವವರಿಗೂ ವೆಬ್ಬಿನಲ್ಲಿ ಇದೇ ಪಾಡು.

ಆದ್ದರಿಂದ ಇಂಥ ಅಕ್ಷರದ ಶಾರ್ಟ್‌ಕಟ್‌ಗಳಿಗೆ ಮೊದಲು ಕೀ ನೋಡಿ. ಇಂಗ್ಲಿಷ್ ಅಕ್ಷರವೋ ಚಿಹ್ನೆಯೋ ಬಂದರೆ ಅದನ್ನೇ ನಂಬಿ. ಕನ್ನಡದಂಥ ಬೇರೆ ಲಿಪಿ ಬಂದರೆ ಮಾತ್ರ ಕೋಡ್‌ಗೆ ಹೋಗಿ. ಎಲ್ಲದಕ್ಕೂ ಕೋಡ್ ಬಳಸಿದರೆ ಇಂಗ್ಲಿಷ್ ಅಕ್ಷರಗಳನ್ನೇ ಬೇರೆ ಕ್ರಮದಲ್ಲಿ ಜೋಡಿಸಿರುವ ಡ್ವೊರಾಕ್ ಲೇಔಟ್ ಬಳಸುವವರು ಒದ್ದಾಡುತ್ತಾರೆ. ಕ್ಯಾಪ್ಸ್ ಲಾಕ್ ಇರಬಹುದು, ಚಿಕ್ಕಕ್ಷರ ಮಾಡಿಕೊಂಡು ಹೋಲಿಸಿ.

ಚಿಹ್ನೆಗಳ ಶಾರ್ಟ್‌ಕಟ್ ಆದಷ್ಟು ಬೇಡ. ಜರ್ಮನ್‌ನಲ್ಲಿ ಸ್ಲ್ಯಾಶ್ ಬೇಕಿದ್ದರೆ ಶಿಫ್ಟ್ ಜೊತೆ 7, ತೆರೆಯುವ ಚೌಕ ಬ್ರಾಕೆಟ್‌ಗೆ ಆಲ್ಟ್‌ಜಿಆರ್ (ಸ್ಪೇಸ್‌ಬಾರಿನ ಬಲಗಡೆಯ ಆಲ್ಟ್ ಕೀಲಿ) ಜೊತೆ 8. ಕಂಟ್ರೋಲ್ ಆಲ್ಟ್ ಜೋಡಿಯನ್ನಂತೂ ಮುಟ್ಟಲೇಬೇಡಿ. ವಿಂಡೋಸ್‌ನಲ್ಲಿ ಆಲ್ಟ್‌ಜಿಆರ್ ಅಂದರೆ ಕಂಟ್ರೋಲ್ ಮತ್ತು ಆಲ್ಟ್ ಎರಡೂ ಒತ್ತಿದ ಹಾಗೇ. ಪೋಲಿಷ್ ಜನ ಬಾಲವಿರುವ ‘ಎ’ ಬರೆಯುವುದು ಆಲ್ಟ್‌ಜಿಆರ್ ಜೊತೆ ಎ ಒತ್ತಿ. ನೀವು ಕಂಟ್ರೋಲ್ ಆಲ್ಟ್ ಎ ಅನ್ನು ಶಾರ್ಟ್‌ಕಟ್ ಮಾಡಿಕೊಂಡರೆ ಅವರಿಗೆ ತಮ್ಮ ಭಾಷೆಯ ಅಕ್ಷರವೇ ಟೈಪ್ ಆಗುವುದಿಲ್ಲ. ಎಷ್ಟು ಬೇಜಾರಿನ ವಿಷಯ ಅಲ್ವಾ?

ಇಷ್ಟಾದರೂ ಎಲ್ಲೋ ಒಂದು ಕಡೆ ತಪ್ಪುತ್ತದೆ. ಅದಕ್ಕೇ ಶಾರ್ಟ್‌ಕಟ್ ಬದಲಿಸಿಕೊಳ್ಳುವ ಜಾಗ ಕೊಡಿ, ಅದೇ ಕೆಲಸಕ್ಕೆ ಒಂದು ಬಟನ್ನೂ ಇರಲಿ. ಪರೀಕ್ಷೆಗೆ ಬೇರೆ ಕೀಬೋರ್ಡ್ ಕೊಳ್ಳಬೇಕಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಜರ್ಮನ್, ಫ್ರೆಂಚ್, ಪೋಲಿಷ್, ಕನ್ನಡ ಸೇರಿಸಿಕೊಂಡು ಆನ್‌ಸ್ಕ್ರೀನ್ ಕೀಬೋರ್ಡ್ ತೆರೆಯಿರಿ. ಯಾವ ಕೀಲಿಯಲ್ಲಿ ಏನಿದೆ ಅಂತ ಅದರಲ್ಲೇ ಕಾಣುತ್ತದೆ.